ಚಲನಚಿತ್ರದಲ್ಲಿ ಸ್ತ್ರೀದೃಷ್ಟಿ ಎಂಬುದುಂಟೆ?

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸುವುದು ನಮ್ಮ ಆಲಂಕಾರಿಕರ ಪದ್ಧತಿಯಷ್ಟೆ. ನಾಟಕವು ದೃಶ್ಯಕಾವ್ಯ. ನಮ್ಮ ಕಾಲದಲ್ಲಿ ಆ ಪಂಕ್ತಿಗೆ ಚಲನಚಿತ್ರವೂ ಬಂದು ಸೇರಿರುವುದು. ಆದರೆ ಇವೆರಡಕ್ಕೂ ಒಂದು ಮುಖ್ಯವಾದ ಭೇದವುಂಟು. ರಂಗದ ಮೇಲೆ ಹತ್ತು ಮಂದಿ ನಿಂತಿದ್ದರೆ ಅವರಲ್ಲಿ ಯಾರನ್ನು ನೋಡಬೇಕೆಂಬುದು ಪ್ರೇಕ್ಷಕನ ಇಚ್ಛೆಗೆ ಸೇರಿದುದು. ರಾಜನು ಮಾತನಾಡುತ್ತಿರುವಾಗಲೂ ಅವನು ಮೂಲೆಯಲ್ಲಿರುವ ಚಾಮರದವಳ ಮುಖವನ್ನು ನೋಡುತ್ತ ಕುಳಿತಿರಬಹುದು. ಚಲನಚಿತ್ರದಲ್ಲಿ ಈ ಸ್ವಾತಂತ್ರ್ಯವಿಲ್ಲ. ಯಾವುದನ್ನು ತೋರಿಸಬೇಕು, ಎಷ್ಟು ಸಮೀಪದಿಂದ ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂಬುದನ್ನು ಒಬ್ಬರು ಮೊದಲೇ ನಿಶ್ಚಯಿಸಿಬಿಟ್ಟಿರುತ್ತಾರೆ. ನಾವು ಕತ್ತಲೆಯಲ್ಲಿ ಕುಳಿತು ಅವರ ಕಣ್ಣಿನಿಂದ ನೋಡುತ್ತೇವೆ. ಆ ಕಣ್ಣಿಗೆ ಒಡೆಯನಾದವನೇ ನಿರ್ದೇಶಕನು.

ಹೀಗಿರಲು, ಆ ಕಣ್ಣು ಹೆಂಗಸಿನದಾದರೆ ನಮಗೆ ಕಾಣುವ ಲೋಕವು ಬೇರೆಯಾಗುವುದೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಈಚೆಗೆ ನಮ್ಮ ಸಂಘದ ಸಭೆಯೊಂದರಲ್ಲಿ ಈ ವಿಷಯವಾಗಿಯೇ ಚರ್ಚೆ ನಡೆಯಿತು. ಒಂದು ಪಕ್ಷದವರು, ಕಲೆಗೆ ಲಿಂಗಭೇದವಿಲ್ಲವೆಂದೂ, ಒಳ್ಳೆಯ ಚಿತ್ರ ಕೆಟ್ಟ ಚಿತ್ರ ಎಂಬ ಎರಡೇ ಜಾತಿಗಳಿರುವುವೆಂದೂ ಹೇಳಿದರು. ಇನ್ನೊಂದು ಪಕ್ಷದವರು, ಹೆಂಗಸಿನ ಹೃದಯವು ಸ್ವಭಾವತಃ ಮೃದುವಾದುದಾದಕಾರಣ ಆಕೆಯ ಚಿತ್ರದಲ್ಲಿ ಕರುಣೆಯೂ ವಾತ್ಸಲ್ಯವೂ ತಾವಾಗಿಯೇ ತುಂಬಿಕೊಳ್ಳುವುವೆಂದು ವಾದಿಸಿದರು. ಎರಡು ಪಕ್ಷಗಳೂ ನನಗೆ ಅಸಮರ್ಪಕವೆಂದೇ ತೋರಿದುವು. ಅಂದು ವೇಳೆ ಸಾಲದೆ ಹೇಳದೆ ಉಳಿದ ಮಾತುಗಳನ್ನು ಇಲ್ಲಿ ವಾಚಕಮಹಾಶಯರ ಮುಂದಿಡುತ್ತಿದ್ದೇನೆ. ಈ ವಿಷಯದಲ್ಲಿ ತರ್ಕಕ್ಕಿಂತ ಚರಿತ್ರೆಯು ಹೆಚ್ಚು ಸಹಾಯಕವಾದುದರಿಂದ ಮೊದಲು ಚರಿತ್ರೆಯನ್ನು ಅವಲೋಕಿಸೋಣ.

ಚಲನಚಿತ್ರದ ಚರಿತ್ರೆಯಲ್ಲಿ ಹೆಂಗಸರು ತಡವಾಗಿ ಬಂದು ಸೇರಿದರೆಂದು ಅನೇಕರು ಭಾವಿಸಿರುವರು. ಇದು ಸರಿಯಲ್ಲ. ಫ್ರಾನ್ಸ್ ದೇಶದ ಲ್ಯೂಮಿಯೇರ್ ಸಹೋದರರು ತಮ್ಮ ಹೊಸ ಯಂತ್ರವನ್ನು 1895ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಪ್ಯಾರಿಸ್ ನಗರದ ವಿದ್ವತ್ಸಭೆಯೊಂದರ ಮುಂದೆ ತೋರಿಸಿದಾಗ, ನೋಡಲು ಬಂದಿದ್ದವರಲ್ಲಿ ಇಪ್ಪತ್ತೊಂದು ವರ್ಷದ ತರುಣಿಯೊಬ್ಬರಿದ್ದರು. ಆಲಿಸ್ ಗೀ ಎಂಬುದು ಅವರ ಹೆಸರು. ಛಾಯಾಚಿತ್ರದ ಉಪಕರಣಗಳ ವ್ಯಾಪಾರದಲ್ಲಿದ್ದ ಲಿಯೋನ್ ಗೋಮಾಂಟ್ ಎಂಬುವರ ಕಚೇರಿಯಲ್ಲಿ ಅವರು ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು. ರೈಲುಬಂಡಿ ಬರುವುದನ್ನೂ ಸೈನಿಕರು ನಡೆಯುವುದನ್ನೂ ತೋರಿಸುವುದಕ್ಕೆ ಬದಲಾಗಿ ಈ ಯಂತ್ರದಿಂದ ಕಥೆಯನ್ನೇ ಹೇಳಬಾರದೇಕೆ ಎಂದು ಅವರಿಗೆ ತೋರಿತು. ಕಚೇರಿಯ ಕೆಲಸಕ್ಕೆ ಲೋಪ ಬಾರದಂತೆ ನೋಡಿಕೊಳ್ಳಬೇಕೆಂಬ ನಿಬಂಧನೆಯ ಮೇಲೆ ಯಜಮಾನನು ಅನುಮತಿಯನ್ನಿತ್ತನು. ಹೀಗೆ ಹುಟ್ಟಿದ ಅವರ ಮೊದಲ ಚಿತ್ರವು ಕೋಸಿನ ಗೆಡ್ಡೆಗಳ ನಡುವಿನಿಂದ ಕೂಸುಗಳನ್ನು ಎತ್ತಿ ತೋರಿಸುವ ಯಕ್ಷಿಣಿಯನ್ನು ಕುರಿತದ್ದು. ಇದು 1896ರಲ್ಲಿ ತಯಾರಾಯಿತೆಂಬುದು ಅವರದೇ ಹೇಳಿಕೆ. ಕಥಾಚಿತ್ರವೆಂಬ ಪ್ರಕಾರವು ಇನ್ನೂ ತೊಟ್ಟಿಲಲ್ಲಿದ್ದಾಗ ಅದನ್ನು ತೂಗಿದ ಕೈಗಳಲ್ಲಿ ಒಂದು ಹೆಂಗಸಿನದೆಂಬುದು ಇದರಿಂದ ಸ್ಪಷ್ಟವಾಗುವುದು.

ಆಲಿಸ್ ಗೀಯವರು ಸುಮಾರು ಹತ್ತು ವರ್ಷಗಳ ಕಾಲ ಗೋಮಾಂಟ್ ಸಂಸ್ಥೆಯ ಚಿತ್ರನಿರ್ಮಾಣವನ್ನೆಲ್ಲ ನಡೆಸಿ, ಅನಂತರ ಅಮೆರಿಕಾಕ್ಕೆ ಹೋಗಿ, 1910ರಲ್ಲಿ ಸೋಲಾಕ್ಸ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ನಿರ್ದೇಶಿಸಿದ ಚಿತ್ರಗಳು ನೂರಾರು. ಅವುಗಳಲ್ಲಿ 1906ರ ಚಿತ್ರವೊಂದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. ಸ್ತ್ರೀಸಮಾನತೆಯ ಪರಿಣಾಮಗಳು ಎಂದು ಅದರ ಹೆಸರನ್ನು ಕನ್ನಡಿಸಬಹುದು. ಅದರಲ್ಲಿ ಗಂಡಸರು ಬಟ್ಟೆ ಹೊಲಿಯುತ್ತಾರೆ, ಇಸ್ತ್ರಿ ಮಾಡುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಹೆಂಗಸರು ಪಾನಗೃಹದಲ್ಲಿ ಕುಳಿತು ಹರಟುತ್ತಾರೆ, ಹೊಗೆ ಸೇದುತ್ತಾರೆ, ದಾರಿಯಲ್ಲಿ ಹೋಗುವ ಗಂಡಸರ ಮೇಲೆ ಬಲವಂತದ ಪ್ರೇಮವನ್ನು ಹೇರುತ್ತಾರೆ. ಕೊನೆಗೆ ಗಂಡಸರು ದಂಗೆಯೆದ್ದು ಪಾನಗೃಹವನ್ನು ಮರಳಿ ಗೆದ್ದುಕೊಳ್ಳುತ್ತಾರೆ. ಮೇಲುನೋಟಕ್ಕೆ ಇದು ಸ್ತ್ರೀಸಮಾನತೆಯನ್ನೇ ಹಾಸ್ಯಮಾಡುವ ಪ್ರಹಸನ. ಆದರೆ ಒಂದು ನಿಮಿಷ ಯೋಚಿಸಿದರೆ ಬೇರೊಂದು ಅರ್ಥವು ಹೊಳೆಯುವುದು. ಅಲ್ಲಿ ಹೆಂಗಸರು ಮಾಡುತ್ತಿರುವುದೆಲ್ಲವೂ ಗಂಡಸರು ಅಂದು ಬೀದಿಯಲ್ಲಿ ನಿತ್ಯವೂ ಮಾಡುತ್ತಿದ್ದುದೇ. ಕರ್ತೃಸ್ಥಾನದಲ್ಲಿದ್ದವರನ್ನು ಕರ್ಮಸ್ಥಾನಕ್ಕೆ ತಂದು ಕೂರಿಸಿದ್ದೊಂದೇ ಆಕೆ ಮಾಡಿದ ವ್ಯತ್ಯಾಸ. ಅಷ್ಟರಿಂದಲೇ, ಕಣ್ಣಿಗೆ ಬೀಳದೆ ಇದ್ದ ಒಂದು ದುರ್ನಡತೆಯು ಎಲ್ಲರಿಗೂ ಕಾಣುವಂತಾಯಿತು. ಈ ಕರ್ತೃಕರ್ಮವಿಚಾರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದಕ್ಕೇ ಮರಳಿ ಬರಬೇಕಾಗಿದೆ.

ಇಂತಹ ಕರ್ತ್ರಿಯ ಹೆಸರು ಚರಿತ್ರೆಯಿಂದ ಬಹುಮಟ್ಟಿಗೆ ಮರೆಯಾಯಿತು. ಆಕೆಯ ಅನೇಕ ಚಿತ್ರಗಳು ಪರರ ಹೆಸರಿನಲ್ಲಿ ದಾಖಲಾದುವು. ಆಕೆ ತಮ್ಮ ವೃದ್ಧಾಪ್ಯವನ್ನು ಬಹುಭಾಗ ಆ ತಪ್ಪುಗಳನ್ನು ತಿದ್ದುವುದರಲ್ಲಿಯೇ ಕಳೆದರು. 1968ರಲ್ಲಿ ತೀರಿಕೊಂಡರು. ಆಕೆಯ ಆತ್ಮಕಥೆಯು ಅಚ್ಚಾದದ್ದು 1976ರಲ್ಲಿ.

ಎರಡನೆಯ ಉದಾಹರಣೆಯು ಅಮೆರಿಕಾದ ಲೋಯಿಸ್ ವೆಬರ್ ಅವರದು. ಇವರು 1921ರಲ್ಲಿ ದಿ ಬ್ಲಾಟ್, ಎಂದರೆ ಕಳಂಕ, ಎಂಬ ಮೂಕಚಿತ್ರವನ್ನು ನಿರ್ದೇಶಿಸಿದರು. ಉಪಾಧ್ಯಾಯವೃತ್ತಿಯಲ್ಲಿ ಜೀವಮಾನವನ್ನು ಕಳೆದವರು ಈ ಚಿತ್ರವನ್ನು ತಟಸ್ಥರಾಗಿ ನೋಡಲಾರರು. ಅದರ ವಿಷಯ ಒಬ್ಬ ಕಾಲೇಜು ಅಧ್ಯಾಪಕನ ಬಡತನ. ಮನೆಯೊಡೆಯನು ಸಜ್ಜನ, ವಿದ್ವಾಂಸ. ಆದರೆ ಸಂಬಳ ಸಾಲದು. ಪಕ್ಕದ ಮನೆಯ ಪಾದರಕ್ಷೆಯ ವ್ಯಾಪಾರಿಯ ಮನೆಯಲ್ಲಿ ಸಮೃದ್ಧಿಯು ತುಳುಕುತ್ತಿದೆ. ಅಧ್ಯಾಪಕನ ಮಗಳು ಕಾಯಿಲೆ ಬಿದ್ದಾಗ ಪುಷ್ಟಿಕರವಾದ ಆಹಾರ ಕೊಡಬೇಕೆಂದು ವೈದ್ಯನು ಹೇಳುತ್ತಾನೆ. ತಾಯಿಯ ಕಣ್ಣು ನೆರೆಮನೆಯ ಅಡಿಗೆಮನೆಯ ಕಿಟಕಿಯಲ್ಲಿಟ್ಟಿದ್ದ ಕೋಳಿಯ ಮೇಲೆ ಬೀಳುತ್ತದೆ. ಆ ಮಾನವಂತೆ ಅದನ್ನು ಕದ್ದೆತ್ತಿಕೊಂಡು, ಮರುಕ್ಷಣವೇ ನಾಚಿ ಅಲ್ಲಿಯೇ ಇಟ್ಟುಬಿಡುತ್ತಾಳೆ. ಎತ್ತಿಕೊಂಡುದನ್ನು ಮಾತ್ರ ಮಗಳು ನೋಡಿರುತ್ತಾಳೆ, ಇಟ್ಟುದನ್ನು ನೋಡಿರುವುದಿಲ್ಲ.

ಬಡ ಅಧ್ಯಾಪಕನ ಕಥೆಯನ್ನು ಗಂಡಸೊಬ್ಬನು ಚಿತ್ರಿಸಿದ್ದರೆ ಪಾಠಶಾಲೆಯೇ ಅದರ ರಂಗಸ್ಥಳವಾಗುತ್ತಿತ್ತೆಂದು ನನ್ನ ಊಹೆ: ಕರಿಹಲಗೆಯ ಮುಂದೆ ನಿಂತ ಗುರು, ಅವನ ಆದರ್ಶ, ಶಿಷ್ಯರ ಕೃತಘ್ನತೆ. ವೆಬರ್ ಅವರ ಚಿತ್ರದ ಭಾರವೆಲ್ಲ ಮನೆಯೊಳಗಿದೆ. ಸವೆದುಹೋದ ಜಮಖಾನ, ನೂಲು ಕಿತ್ತುಬಂದ ಕುರ್ಚಿ, ತೇದ ಪಾದರಕ್ಷೆ, ಇವುಗಳನ್ನು ಚಿತ್ರವು ಸಮೀಪದಿಂದ ಬಹಳ ಹೊತ್ತು ನೋಡುತ್ತದೆ. ಅತಿಥಿಯು ಬಂದಾಗ ಗೃಹಿಣಿಯ ಕಣ್ಣು ಅವನ ಮುಖದ ಮೇಲಿರದೆ ನೆಲಹಾಸಿನ ತೂತಿನ ಮೇಲಿರುತ್ತದೆ. ಸಂಬಳವು ಸಾಲದೆಂದು ಗೊಣಗಿದ ಅಧ್ಯಾಪಕರಲ್ಲಿ ನಾನೂ ಒಬ್ಬನೇ. ಆದರೆ ಆ ಸಾಲದ ಸಂಬಳದಲ್ಲಿ ಅತಿಥಿಯ ಮುಂದೆ ಮನೆಯ ಮಾನವನ್ನು ಕಾಯುವ ಕೆಲಸವು ಯಾರ ಪಾಲಿಗೆ ಬಿದ್ದಿತ್ತೆಂಬುದು ನನಗೆ ಈ ಚಿತ್ರವನ್ನು ನೋಡುವವರೆಗೂ ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಇನ್ನು ಆಕ್ಷೇಪಗಳನ್ನು ನೋಡೋಣ. ಹೆಂಗಸಿನ ಕಣ್ಣು ಸ್ವಭಾವದಿಂದಲೇ ಕರುಣಾಮಯವಾದುದೆಂಬ ಪಕ್ಷವನ್ನು ಮುರಿಯಲು ಒಂದೇ ಉದಾಹರಣೆ ಸಾಕು. ಜರ್ಮನಿಯ ಲೇನಿ ರೀಫೆನ್‌ಸ್ಟಾಲ್ ಅವರು ನ್ಯೂರೆಂಬರ್ಗಿನಲ್ಲಿ 1934ರಲ್ಲಿ ನಡೆದ ಹಿಟ್ಲರನ ಪಕ್ಷದ ಮಹಾಸಮಾವೇಶವನ್ನು ಚಿತ್ರಿಸಿ, ಮರುವರ್ಷ ಟ್ರಯಂಫ್ ಆಫ್ ದಿ ವಿಲ್ ಎಂದು ಪ್ರಸಿದ್ಧವಾದ ಚಿತ್ರವನ್ನು ಹೊರತಂದರು. ಕೌಶಲದಲ್ಲಿ ಅದು ಅಸಾಧಾರಣ. ಅದರೊಳಗೆ ಮನುಷ್ಯರು ಇಟ್ಟಿಗೆಗಳಂತೆ ಸಾಲಾಗಿ ಜೋಡಿಸಲ್ಪಟ್ಟಿದ್ದಾರೆ, ಎಲ್ಲರ ಮುಖವೂ ಒಬ್ಬನ ಕಡೆಗೆ ತಿರುಗಿದೆ. ಇದನ್ನು ನಿರ್ದೇಶಿಸಿದುದು ಹೆಂಗಸಾದುದರಿಂದ ಅದರಲ್ಲಿ ಮಾತೃಹೃದಯವನ್ನು ಹುಡುಕುವುದು ವ್ಯರ್ಥ. ಹಾಗೆಯೇ ಅಮೆರಿಕಾದ ಕ್ಯಾಥ್ರಿನ್ ಬಿಗೆಲೋ ಅವರ ದಿ ಹರ್ಟ್ ಲಾಕರ್ ಚಿತ್ರವು ಇರಾಕಿನಲ್ಲಿ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ಸೈನಿಕರ ಕಥೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಅದಕ್ಕಾಗಿ 2010ರಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶನದ ಆಸ್ಕರ್ ಪ್ರಶಸ್ತಿಯು ಬಂದಿತು. ಆ ಪ್ರಶಸ್ತಿಯು ಹೆಂಗಸಿಗೆ ಬಂದದ್ದು ಅದೇ ಮೊದಲು. ಹೆಸರನ್ನು ಮುಚ್ಚಿ ತೋರಿಸಿದರೆ ಆ ಚಿತ್ರದ ನಿರ್ದೇಶಕರು ಸ್ತ್ರೀಯೋ ಪುರುಷರೋ ಎಂದು ಹೇಳಬಲ್ಲವರು ವಿರಳ.

ಗಂಡಸಿಗೆ ಅಂತಃಪುರದ ಕಣ್ಣು ಬರಲಾರದೆಂಬುದೂ ಸತ್ಯವಲ್ಲ. ಸತ್ಯಜಿತ್ ರಾಯರು ರವೀಂದ್ರನಾಥರ ಕಥೆಯನ್ನಾಧರಿಸಿ 1964ರಲ್ಲಿ ತಯಾರಿಸಿದ ಚಾರುಲತಾ ಚಿತ್ರವು ಇದಕ್ಕೆ ಸಾಕ್ಷಿ. ಪತ್ರಿಕಾವ್ಯವಸಾಯದಲ್ಲಿ ಮುಳುಗಿದ ಗಂಡನ ದೊಡ್ಡ ಮನೆಯಲ್ಲಿ ಒಂಟಿಯಾದ ಚಾರು, ಕೈಯಲ್ಲಿ ಚಿಕ್ಕದೊಂದು ದುರ್ಬೀನನ್ನು ಹಿಡಿದು, ಕಿಟಕಿಯಿಂದ ಕಿಟಕಿಗೆ ಓಡುತ್ತ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಪ್ರಾರಂಭದಲ್ಲಿಯೇ ಬರುವ ಈ ದೃಶ್ಯದಲ್ಲಿ ನೋಡುವವಳು ಆಕೆ. ಬೀದಿಯಲ್ಲಿ ನಡೆಯುವ ಗಂಡಸರು ನೋಡಲ್ಪಡುವವರು. ಇದನ್ನು ಕಲ್ಪಿಸಿದವರು ಪುರುಷರೇ.

ಹಾಗಾದರೆ ಮೊದಲ ಪಕ್ಷದವರೇ ಗೆದ್ದರೆನ್ನೋಣವೇ? ಕಲೆಗೆ ಲಿಂಗವಿಲ್ಲವೆಂದು ಹೇಳಿ ಕೈ ತೊಳೆದುಕೊಳ್ಳೋಣವೇ? ಅದೂ ಆಗದು. ಏಕಾಗದೆಂಬುದನ್ನು ನಮ್ಮ ಕನ್ನಡದ ಎರಡು ಚಿತ್ರಗಳ ಮೂಲಕ ವಿಚಾರಮಾಡುವುದು ಮೇಲು.

ಭಾರತದಲ್ಲಿ ಮೊಟ್ಟಮೊದಲು ಚಿತ್ರ ನಿರ್ದೇಶಿಸಿದ ಹೆಂಗಸು ಫಾತ್ಮಾ ಬೇಗಂ. ಅವರು 1926ರಲ್ಲಿ ನಿರ್ದೇಶಿಸಿದ ಬುಲ್ಬುಲ್ ಎ ಪರಿಸ್ತಾನ್ ಎಂಬ ಮೂಕಚಿತ್ರವು ಇಂದು ಲಭ್ಯವಿಲ್ಲ. ದಕ್ಷಿಣದಲ್ಲಿ ಟಿ. ಪಿ. ರಾಜಲಕ್ಷ್ಮಿಯವರು 1936ರಲ್ಲಿ ಮಿಸ್ ಕಮಲಾ ಎಂಬ ತಮಿಳು ಚಿತ್ರವನ್ನೂ, ಪಿ. ಭಾನುಮತಿಯವರು 1953ರಲ್ಲಿ ಚಂಡೀರಾಣಿಯನ್ನು ಮೂರು ಭಾಷೆಗಳಲ್ಲಿಯೂ ನಿರ್ದೇಶಿಸಿದರು. ಕನ್ನಡದ ಮೊದಲ ವಾಕ್ಚಿತ್ರವಾದ ಸತಿ ಸುಲೋಚನ ಬಂದದ್ದು 1934ರಲ್ಲಿ. ಕನ್ನಡದ ಮೊದಲ ನಿರ್ದೇಶಕಿಯೆಂದು ಸಾಮಾನ್ಯವಾಗಿ ಗಣಿಸಲ್ಪಟ್ಟಿರುವ ಪ್ರೇಮಾ ಕಾರಂತರ ಫಣಿಯಮ್ಮ ತೆರೆಗೆ ಬಂದದ್ದು 1983ರಲ್ಲಿ. ನಡುವೆ ಹೆಚ್ಚುಕಡಿಮೆ ಅರ್ಧ ಶತಮಾನ. ಅಷ್ಟೂ ಕಾಲ ಕನ್ನಡದ ತೆರೆಯ ಮೇಲೆ ಸತಿಯರೂ ಸಾಧ್ವಿಯರೂ ತಾಯಂದಿರೂ ಬಂದುಹೋದರು. ಅವರನ್ನು ನೋಡಿ ನಮಗೆ ತೋರಿಸಿದ ಕಣ್ಣುಗಳು ಗಂಡಸರವು.

ಫಣಿಯಮ್ಮನಿಗಿಂತ ಆರು ವರ್ಷ ಮೊದಲು, 1977ರಲ್ಲಿ, ಗಿರೀಶ ಕಾಸರವಳ್ಳಿಯವರ ಘಟಶ್ರಾದ್ಧ ಬಂದಿತ್ತು. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಆ ಚಿತ್ರಕ್ಕೆ ಆ ವರ್ಷದ ಸ್ವರ್ಣಕಮಲವು ದೊರೆಯಿತು. 2024ರಲ್ಲಿ ಅದರ ಜೀರ್ಣೋದ್ಧಾರವಾದ ಪ್ರತಿಯು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಎರಡೂ ಮಲೆನಾಡಿನ ಕಥೆಗಳು. ಎರಡರಲ್ಲಿಯೂ ಬ್ರಾಹ್ಮಣ ವಿಧವೆಯೇ ಕೇಂದ್ರ. ಎರಡಕ್ಕೂ ಬಿ. ವಿ. ಕಾರಂತರದೇ ಸಂಗೀತ. ವಸ್ತು, ಪ್ರದೇಶ, ಸಮುದಾಯ ಎಲ್ಲವೂ ಸಮಾನವಾಗಿದ್ದು ನಿರ್ದೇಶಕರಲ್ಲಿ ಒಬ್ಬರು ಪುರುಷರೂ ಒಬ್ಬರು ಸ್ತ್ರೀಯೂ ಆಗಿರುವ ಇಂತಹ ಜೋಡಿಯು ತುಲನೆಗೆ ಅಪರೂಪವಾಗಿ ದೊರೆಯತಕ್ಕದ್ದು.

ಘಟಶ್ರಾದ್ಧದಲ್ಲಿ ವೇದಾಧ್ಯಾಪಕರಾದ ಉಡುಪರ ಪಾಠಶಾಲೆಗೆ ನಾಣಿಯೆಂಬ ಬಾಲಕನು ವಿದ್ಯಾರ್ಥಿಯಾಗಿ ಬರುತ್ತಾನೆ. ಉಡುಪರ ಮಗಳು ಯಮುನೆ ವಿಧವೆ; ಊರಿನ ಶಾಲಾ ಉಪಾಧ್ಯಾಯನಿಂದ ಗರ್ಭಿಣಿಯಾಗಿದ್ದಾಳೆ. ಅವನು ಕೈಬಿಡುತ್ತಾನೆ. ಗರ್ಭಪಾತವಾಗುತ್ತದೆ, ಸಂಗತಿಯು ಬಯಲಾಗುತ್ತದೆ, ತಂದೆಯೇ ಜೀವಂತಳಾದ ಮಗಳಿಗೆ ಘಟಶ್ರಾದ್ಧವನ್ನು ಮಾಡುತ್ತಾನೆ. ತಲೆ ಬೋಳಿಸಿಕೊಂಡ ಯಮುನೆ ಮರದ ಕೆಳಗೆ ಒಂಟಿಯಾಗಿ ಉಳಿಯುತ್ತಾಳೆ. ತಂದೆಯೊಡನೆ ಊರಿಗೆ ಮರಳುವ ನಾಣಿ ಅವಳನ್ನು ನೋಡುತ್ತ ದೂರವಾಗುತ್ತಾನೆ. ಆ ಬಾಲಕನ ಕಣ್ಣು ಇಡೀ ಚಿತ್ರವನ್ನು ಪಾವನಗೊಳಿಸಿದೆ. ದೊಡ್ಡವರ ಲೋಕದಲ್ಲಿ ಯಾರಿಗೂ ಇಲ್ಲದ ಕರುಣೆಯು ಅವನಲ್ಲಿದೆ.

ನಾನು ಓದಿದ್ದೂ ಪಾಠಶಾಲೆಯಲ್ಲಿಯೇ. ಜಗುಲಿಯ ಮೇಲೆ ಸಾಲಾಗಿ ಕುಳಿತು ಕೈಯಾಡಿಸುತ್ತ ಸ್ವರ ಹೇಳಿದವರಲ್ಲಿ ನಾನೂ ಒಬ್ಬ. ಆದುದರಿಂದ ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ಘಟಶ್ರಾದ್ಧವನ್ನು ಮೊದಲ ಬಾರಿಗೆ ನೋಡಿದಾಗ, ನನ್ನನ್ನೇ ತೆರೆಯ ಮೇಲೆ ನೋಡಿದಂತಾಗಿ ಕಣ್ಣು ತುಂಬಿತು. ನಾನು ನಾಣಿಯೆಂದೇ ಭಾವಿಸಿಕೊಂಡೆ. ಇದನ್ನು ಬರೆಯಲು ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಫಣಿಯಮ್ಮ ಚಿತ್ರಕ್ಕೆ ಮೂಲವು ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರ ಅದೇ ಹೆಸರಿನ ಕಾದಂಬರಿ. ಅದು ಪ್ರಕಟವಾದದ್ದು 1976ರಲ್ಲಿ. ಫಣಿಯಮ್ಮ ಕಲ್ಪಿತ ವ್ಯಕ್ತಿಯಲ್ಲ. ಲೇಖಕಿಯ ಬಂಧುವರ್ಗಕ್ಕೇ ಸೇರಿದ, ನೂರು ವರ್ಷವನ್ನು ಮೀರಿ ಬಾಳಿದ ವೃದ್ಧೆ. ಆಕೆ ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿದಳು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು, ಅದನ್ನು ಓದಿ ಮತ್ತೊಬ್ಬ ಹೆಂಗಸು ಚಿತ್ರಿಸಿದರು. ಈ ಪರಂಪರೆಯನ್ನು ವಾಚಕರು ಗಮನಿಸಬೇಕು. ವೇದಕ್ಕೆ ಗುರುಶಿಷ್ಯಪರಂಪರೆಯಿರುವಂತೆ ಈ ಕಥೆಗೂ ಒಂದು ಶ್ರುತಿಪರಂಪರೆಯಿದೆ. ಅದರಲ್ಲಿ ಗಂಡಸು ಎಲ್ಲಿಯೂ ಇಲ್ಲ. ಅದು ನಡೆದದ್ದು ಜಗುಲಿಯ ಮೇಲಲ್ಲ, ಅಡಿಗೆಮನೆಯಲ್ಲಿ. ಅದೇ ಮನೆಯ ಗಂಡಸರು ಅದೇ ಕಾಲದಲ್ಲಿ ಹತ್ತು ಮಾರು ದೂರದಲ್ಲಿ ಕುಳಿತಿದ್ದರೂ ಅದು ಅವರ ಕಿವಿಗೆ ಬಿದ್ದಿರಲಾರದು.

ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಬಾಲ್ಯದಲ್ಲಿಯೇ ಮದುವೆಯಾದ ಫಣಿಯ ಗಂಡನು ಹಾವು ಕಚ್ಚಿ ಸಾಯುತ್ತಾನೆ. ದೊಡ್ಡವಳಾದಾಗ ಅವಳ ತಲೆ ಬೋಳಿಸಿ ಮಡಿಹೆಂಗಸನ್ನಾಗಿ ಮಾಡುತ್ತಾರೆ. ಆಮೇಲಿನ ಆಯುಸ್ಸನ್ನೆಲ್ಲ ಅವಳು ಅಣ್ಣತಮ್ಮಂದಿರ ತುಂಬಿದ ಮನೆಯಲ್ಲಿ ದುಡಿಯುತ್ತ, ಬಾಣಂತಿಯರನ್ನೂ ಕೂಸುಗಳನ್ನೂ ಆರೈಕೆಮಾಡುತ್ತ ಕಳೆಯುತ್ತಾಳೆ. ಹೆರಿಗೆಯ ಸಂಕಟದಲ್ಲಿ ನೆರವಾಗುವಾಗ ಅವಳು ಜಾತಿಯ ಗೆರೆಯನ್ನೂ ಲೆಕ್ಕಿಸುವುದಿಲ್ಲ. ದಾಕ್ಷಾಯಣಿಯೆಂಬ ತರುಣ ವಿಧವೆಯು ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ, ಹಿರಿಯರೆಲ್ಲರೂ ವಿರೋಧಿಸಿದರೂ, ತಲೆ ಬೋಳಿಸಿಕೊಂಡ ಈ ವೃದ್ಧೆಯೇ ಅವಳ ಪರವಾಗಿ ಮಾತನಾಡುತ್ತಾಳೆ.

ಇನ್ನು ಪ್ರಕೃತಕ್ಕೆ ಬರೋಣ. ಯಮುನೆಗೂ ಫಣಿಯಮ್ಮನಿಗೂ ಇರುವ ಭೇದವೇನು? ಕರುಣೆಯ ವಿಷಯದಲ್ಲಿ ಭೇದವಿಲ್ಲ. ಕಾಸರವಳ್ಳಿಯವರ ಚಿತ್ರದಲ್ಲಿ ಕರುಣೆಯು ಕಡಿಮೆಯೆಂದು ಹೇಳಿದರೆ ನಾಲಿಗೆಗೆ ದೋಷ ತಟ್ಟೀತು. ಕಲೆಗಾರಿಕೆಯಲ್ಲಿ ಅದೇ ಮೇಲೆಂದರೂ ನಾನು ವಾದಿಸಲಾರೆ. ಭೇದವಿರುವುದು ಸ್ಥಾನದಲ್ಲಿ. ಯಮುನೆಯನ್ನು ನಾವು ನೋಡುತ್ತೇವೆ, ಮರುಗುತ್ತೇವೆ. ಆದರೆ ಆಕೆಗೆ ಈ ಅಗ್ರಹಾರವು ಹೇಗೆ ಕಾಣುತ್ತಿತ್ತು, ತನ್ನ ತಂದೆಯನ್ನು ಕುರಿತು ಆಕೆ ಏನೆಂದುಕೊಂಡಿದ್ದಳು ಎಂಬುದು ನಾಣಿಗೆ ತಿಳಿಯದು, ಆದಕಾರಣ ನಮಗೂ ತಿಳಿಯದು. ಆಕೆ ನೋಟಕ್ಕೆ ಕರ್ಮ. ಫಣಿಯಮ್ಮನಾದರೋ ನೋಟಕ್ಕೆ ಕರ್ತ್ರಿ. ಮನೆಯಲ್ಲಿ ಯಾರೂ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದಲೇ ಅವಳು ಎಲ್ಲವನ್ನೂ ಕಾಣಬಲ್ಲಳು: ಮದುವೆ, ಹೆರಿಗೆ, ಜಗಳ, ರಾತ್ರಿಯ ಗುಟ್ಟು, ಹಗಲಿನ ಮಡಿ. ಎಂಟು ಹತ್ತು ದಶಕಗಳ ಕಾಲ ಆ ಮನೆಯನ್ನು ನೋಡುತ್ತ ಅವಳು ತನ್ನದೇ ಆದ ಒಂದು ತೀರ್ಪಿಗೆ ಬಂದಿದ್ದಾಳೆ. ದಾಕ್ಷಾಯಣಿಯ ಪ್ರಸಂಗದಲ್ಲಿ ಅವಳು ಬಾಯಿ ತೆರೆದಾಗ ಹೊರಬೀಳುವುದು ಆ ತೀರ್ಪೇ. ವಿಧವೆಯನ್ನು ಕಂಡು ನಾವು ಅಳುವುದು ಒಂದು. ವಿಧವೆಯು ನಮ್ಮನ್ನು ಕಂಡು ಏನೆಂದುಕೊಂಡಳೆಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ನಾವು ಸಿದ್ಧರಿರಲಿಲ್ಲ.

ಕಣ್ಣು ಹುಟ್ಟಿನಿಂದ ಹೆಣ್ಣಾಗುವುದಿಲ್ಲ. ಅದು ನಿಂತ ನೆಲೆಯಿಂದ ಹೆಣ್ಣಾಗುವುದು. ನನಗೆ ತೋರಿದ ಸಿದ್ಧಾಂತವಿಷ್ಟೆ. ನಮ್ಮ ಮನೆಗಳಲ್ಲಿ ಜಗುಲಿಯು ಗಂಡಸರಿಗೆ, ಹಿತ್ತಿಲು ಹೆಂಗಸರಿಗೆ ಎಂದು ಭಾಗವಾಗಿತ್ತು. ಜಗುಲಿಯಲ್ಲಿ ಕುಳಿತವನಿಗೆ ಬೀದಿ ಕಾಣುತ್ತದೆ, ಹಿತ್ತಿಲು ಕಾಣುವುದಿಲ್ಲ. ಹಿತ್ತಿಲಲ್ಲಿ ನಿಂತವಳಿಗೆ ಜಗುಲಿಯವನ ಬೆನ್ನು ಕಾಣುತ್ತದೆ. ಪ್ಯಾರಿಸ್ಸಿನ ಬೀದಿಯ ಪೋಲಿತನವೂ, ಅಮೆರಿಕಾದ ಅಧ್ಯಾಪಕನ ಮನೆಯ ಜಮಖಾನದ ತೂತೂ, ಮಲೆನಾಡಿನ ಬಾಣಂತಿಕೋಣೆಯೂ ಅಲ್ಲಿ ನಿಂತವರಿಗೆ ಮೊದಲು ಕಂಡುವು. ಅವರ ಕೈಗೆ ಚಿತ್ರಯಂತ್ರವು ಬಂದಾಗ ಅವು ನಮಗೂ ಕಂಡುವು. ಅಧಿಕಾರದ ನೆಲೆಯಲ್ಲಿ ನಿಲ್ಲಲು ಬಯಸಿದ ಹೆಂಗಸಿಗೆ ಅಧಿಕಾರದ ಕಣ್ಣೇ ಬರುವುದೆಂಬುದಕ್ಕೆ ಜರ್ಮನಿಯ ಚಿತ್ರವೇ ನಿದರ್ಶನ. ಹಿತ್ತಿಲಿಗೆ ಬಂದು ಕಿವಿಗೊಟ್ಟು ಕುಳಿತ ಗಂಡಸಿಗೆ ಹಿತ್ತಿಲಿನ ಕಣ್ಣು ಬರುವುದೆಂಬುದಕ್ಕೆ ಚಾರುಲತೆ ಸಾಕ್ಷಿ. ಕಾಸರವಳ್ಳಿಯವರೂ ಅನಂತರ 1997ರ ತಾಯಿಸಾಹೇಬ, 2002ರ ದ್ವೀಪ ಮೊದಲಾದ ಚಿತ್ರಗಳಲ್ಲಿ ಸ್ತ್ರೀಯನ್ನೇ ಕೇಂದ್ರದಲ್ಲಿರಿಸಿದರು. ಬಾಲಕನ ಕಣ್ಣು ಗಂಡಸರ ಸ್ವತ್ತೂ ಅಲ್ಲ. ಕವಿತಾ ಲಂಕೇಶರು 1999ರ ದೇವೀರಿಯಲ್ಲಿ ಅಕ್ಕನ ಕಥೆಯನ್ನು ತಮ್ಮನ ಕಣ್ಣಿನಿಂದಲೇ ತೋರಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಗಂಡಸೂ ಈ ದೃಷ್ಟಿಯನ್ನು ಕಲಿಯಬಹುದಾದರೆ, ಹೆಂಗಸರೇ ನಿರ್ದೇಶಕರಾಗಬೇಕೆಂಬ ಆಗ್ರಹವೇಕೆ? ಇದಕ್ಕೆ ಸಮಾಧಾನವನ್ನು ಚರಿತ್ರೆಯೇ ಹೇಳುತ್ತದೆ. ಅಮೆರಿಕಾದ ಮೂಕಚಿತ್ರಗಳ ಕಾಲದಲ್ಲಿ ಅನೇಕ ನಿರ್ದೇಶಕಿಯರಿದ್ದರು. ಚಿತ್ರೋದ್ಯಮವು ದೊಡ್ಡ ಬಂಡವಾಳದ ಸಂಸ್ಥೆಗಳ ಕೈಸೇರಿ ವಾಕ್ಚಿತ್ರವು ಬಂದ ಮೇಲೆ ಅವರೆಲ್ಲರೂ ಹಿಂದೆ ಸರಿಯಬೇಕಾಯಿತು. 1930ರ ದಶಕದ ಹಾಲಿವುಡ್ಡಿನಲ್ಲಿ ಉಳಿದವರು ಬಹುಮಟ್ಟಿಗೆ ಡೊರೊಥಿ ಆರ್ಜ್ನರ್ ಒಬ್ಬರೇ. ಅವರ 1940ರ ಡ್ಯಾನ್ಸ್, ಗರ್ಲ್, ಡ್ಯಾನ್ಸ್ ಚಿತ್ರದಲ್ಲಿ, ಪ್ರೇಕ್ಷಕರ ಲೇವಡಿಗೆ ಗುರಿಯಾದ ನರ್ತಕಿಯೊಬ್ಬಳು ಕುಣಿತವನ್ನು ನಿಲ್ಲಿಸಿ, ರಂಗದ ಅಂಚಿಗೆ ಬಂದು, ನೋಡುತ್ತ ಕುಳಿತ ಗಂಡಸರನ್ನೇ ದಿಟ್ಟಿಸಿ ಅವರ ನೋಟದ ಸಣ್ಣತನವನ್ನು ಅವರಿಗೆ ತಿಳಿಸುತ್ತಾಳೆ. ಕರ್ಮವು ಕರ್ತೃವಾಗುವ ಕ್ಷಣವಿದು. ಒಬ್ಬರೇ ಉಳಿದಿದ್ದಾಗ ಅವರಿಂದ ಇಷ್ಟು ಬಂದಿತು. ಹತ್ತು ಮಂದಿ ಇದ್ದಿದ್ದರೆ ಏನೇನು ಬರುತ್ತಿತ್ತೋ! ಗಂಡಸು ಕಲಿಯಬಹುದು, ನಿಜ. ಆದರೆ ಕಲಿಸುವವರು ಬಾಯಿಬಿಟ್ಟ ಮೇಲಲ್ಲವೆ ಕಲಿಯುವುದು? ಫಣಿಯಮ್ಮನು ಹೇಳದಿದ್ದರೆ ಕೇಳುವವರು ಏನನ್ನು ಕೇಳಬೇಕಾಗಿತ್ತು?

ಇದರಿಂದ ಇನ್ನೊಂದು ಮಾತೂ ಸಿದ್ಧವಾಗುತ್ತದೆ. ನಿರ್ದೇಶಕಿಯಾದವಳು ಸ್ತ್ರೀಯರ ಕಷ್ಟವನ್ನೇ ಚಿತ್ರಿಸಬೇಕೆಂದು ನಿರ್ಬಂಧಿಸುವುದು ನ್ಯಾಯವಲ್ಲ. ಹಿತ್ತಿಲಿನಿಂದ ಜಗುಲಿಯೂ ಕಾಣುತ್ತದೆಯಷ್ಟೆ. ಯುದ್ಧವೋ ರಾಜಕಾರಣವೋ ವ್ಯಾಪಾರವೋ ಅಲ್ಲಿಂದ ಹೇಗೆ ಕಾಣುವುದೆಂಬುದನ್ನೂ ಆಕೆ ತೋರಿಸಬಹುದು. ಅಥವಾ ಆ ನೆಲೆಯನ್ನೇ ಬಿಟ್ಟು ಬೇರೆಡೆ ನಿಲ್ಲಬಹುದು. ಮನೆಯ ಎಲ್ಲ ಕೋಣೆಗಳೂ ಎಲ್ಲರಿಗೂ ತೆರೆದ ಕಾಲದಲ್ಲಿ ಸ್ತ್ರೀದೃಷ್ಟಿ ಪುರುಷದೃಷ್ಟಿ ಎಂಬ ವಿಭಾಗವೇ ಕ್ಷೀಣವಾದೀತು. ಆ ಕಾಲವಿನ್ನೂ ಬಂದ ಹಾಗೆ ಕಾಣುವುದಿಲ್ಲ.

ಮೇಲೆ ಒಂದು ಮಾತನ್ನು ಆಮೇಲೆ ಹೇಳುತ್ತೇನೆಂದಿದ್ದೆ. ನಮ್ಮ ಅಜ್ಜಿಯ ತಂಗಿಯೊಬ್ಬರು ನಮ್ಮ ಮನೆಯಲ್ಲಿದ್ದರು. ಚಿಕ್ಕಜ್ಜಿಯೆಂದು ಕರೆಯುತ್ತಿದ್ದೆವು. ಮಡಿಹೆಂಗಸು, ಕೆಂಪು ಸೀರೆ, ಬೋಳುತಲೆಯ ಮೇಲೆ ಎಳೆದ ಸೆರಗು, ಒಪ್ಪೊತ್ತಿನ ಊಟ. ನನಗೆ ಹನ್ನೆರಡು ವರ್ಷವಾಗಿದ್ದಾಗ ಪಾಠಶಾಲೆಯ ಪರೀಕ್ಷೆಗೆಂದು ಬೆಳಗ್ಗೆ ಹೊರಟೆ. ಹೊಸಿಲು ದಾಟುವಾಗ ಎದುರಿಗೆ ಕೊಡ ಹಿಡಿದು ಚಿಕ್ಕಜ್ಜಿ ಬಂದರು. ಮಡಿಹೆಂಗಸು ಎದುರಾದರೆ ಅಪಶಕುನವೆಂದು ನಮಗೆ ಹೇಳಿಕೊಟ್ಟಿದ್ದರು. ನಾನು ಅವರ ಕಣ್ಣೆದುರಿಗೇ ಹಿಂದಿರುಗಿ, ಒಳಗೆ ಹೋಗಿ, ನೀರು ಕುಡಿದು, ಸ್ವಲ್ಪ ಹೊತ್ತು ಕುಳಿತು, ಮತ್ತೆ ಹೊರಟೆ. ಶಾಸ್ತ್ರಪ್ರಕಾರ ಸರಿಯಾಗಿಯೇ ನಡೆದುಕೊಂಡೆನೆಂದು ಆಗ ನನ್ನ ಎಣಿಕೆ. ಘಟಶ್ರಾದ್ಧವನ್ನು ನೋಡಿ ನಾಣಿಗಾಗಿ ಅತ್ತಾಗಲೂ ಆ ಬೆಳಗಿನ ನೆನಪು ನನಗೆ ಬರಲಿಲ್ಲ.

ಫಣಿಯಮ್ಮ ಚಿತ್ರವನ್ನು ತಾಯಿಯವರೊಡನೆ ನೋಡಿದೆ. ಚಿಕ್ಕಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮನೆಗೆ ಬರುವ ದಾರಿಯಲ್ಲಿ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿನ್ನ ಪರೀಕ್ಷೆಯ ದಿನವೆಲ್ಲ ಚಿಕ್ಕಜ್ಜಿ ಕತ್ತಲೆಕೋಣೆಯಲ್ಲೇ ಇರ್ತಿದ್ದರು, ನಿನಗೆ ಗೊತ್ತಿತ್ತೇ?” ಎಂದರು. ಆ ಬೆಳಗಿನ ಅನಂತರ ಪ್ರತಿ ವರ್ಷವೂ ಪರೀಕ್ಷೆಯ ತಾರೀಖನ್ನು ತಾಯಿಯಿಂದ ಕೇಳಿ ತಿಳಿದುಕೊಂಡು, ನಾನು ಬೀದಿಯ ತಿರುವನ್ನು ದಾಟಿದೆನೆಂದು ಯಾರಾದರೂ ಹೇಳುವವರೆಗೆ ಅವರು ಬಾಗಿಲು ಮುಚ್ಚಿಕೊಂಡು ಒಳಗೇ ಕುಳಿತಿರುತ್ತಿದ್ದರಂತೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗದು ತಿಳಿದಿರಲಿಲ್ಲ. ತಾಯಿಗೆ ತಿಳಿದಿತ್ತು. ಆದರೆ ಆ ಚಿತ್ರವನ್ನು ನೋಡುವವರೆಗೆ ಅದನ್ನು ಹೇಳಬಹುದಾದ ಮಾತೆಂದು ಅವರಿಗೂ ತೋರಿರಲಿಲ್ಲ.

ಆ ಕತ್ತಲೆಕೋಣೆಯಲ್ಲಿ ಕುಳಿತು ಅವರು ನನ್ನನ್ನು ಕುರಿತು ಏನೆಂದುಕೊಂಡರೆಂಬುದು ಇನ್ನು ಯಾರಿಂದಲೂ ತಿಳಿಯುವಂತಿಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಹೇಳುವ ವಯಸ್ಸಿನ ಹೆಂಗಸರು ಇನ್ನೂ ಇರುವರು. ಅವರ ಪಕ್ಕದಲ್ಲಿ ಕುಳಿತು ಕೇಳುವ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಇರುವರು. ಅವರಲ್ಲಿ ಯಾರಾದರೂ ನಾಳೆ ಚಿತ್ರವನ್ನು ತೆಗೆಯಲಿ, ತೆಗೆಯದಿರಲಿ; ಕೇಳಿಟ್ಟುಕೊಳ್ಳುವುದನ್ನು ಮಾತ್ರ ತಡಮಾಡಬಾರದೆಂದು ನನ್ನ ವಿಜ್ಞಾಪನೆ.